ರೋಪಾತಿ ಯಾಕೆ ಉಣ್ಣಲಿಲ್ಲ

ಕಡಲ ನಡುವಣ ದ್ವೀಪದ ಅಪಿಯಾ ಪಟ್ಟಣದ ಒಂದು ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಆ ಬೆಳಿಗ್ಗೆ ಪಂದ್ಯವೇ ಏರ್ಪಟ್ಟಿತ್ತು. ಆಸ್ಪತ್ರೆಯ ಹೊಸ ಆಹಾರ ತಜ್ಞೆ ಲಾಂಗಿ ತಂದಿದ್ದ ಪುಟ್ಟ ಯಂತ್ರದ ಹಿಡಿಯನ್ನು ಅದುಮಿದರೆ ಕೈಯ ಬಲ ಎಷ್ಟು ಕಿಲೋ ಎಂದು ಅಂಕಿ ಮೂಡುತ್ತಿತ್ತು. ಅರವತ್ತು ರೋಗಿಗಳ ಊಟಕ್ಕೂ ಮೈಯ ಕಸುವಿಗೂ ಇರುವ ನಂಟನ್ನು ಹುಡುಕುವುದು ಅವಳ ಮೊದಲ ಸಂಶೋಧನೆ. ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿತ್ತು.

"ಇಪ್ಪತ್ತೆಂಟು! ದಪ್ಪಕ್ಷರದಲ್ಲಿ ಬರ್ಕೋ ಮಗಳೇ!" ಎಂದು ಕಡ್ಡಿಯಂತಿದ್ದ ಮುದುಕ ಸಿಯಾಕಿ ಹಿಗ್ಗಿದ. "ಈಗ ಆ ಕಿಟಕಿ ಪಕ್ಕದ ಬೆಟ್ಟದ ಕೈಗೆ ಕೊಡು. ಯಂತ್ರ ಮುರ್ದೇ ಹಾಕ್ತಾನೆ!"

ಕಿಟಕಿಯ ಪಕ್ಕದಲ್ಲಿದ್ದವನು ರೋಪಾತಿ. ಒಂದು ಕಾಲದಲ್ಲಿ ಉದ್ದದೋಣಿಗಳ ಪಂದ್ಯದಲ್ಲಿ ಹುಟ್ಟು ಹಾಕಿ ಹೆಸರು ಮಾಡಿದವನು. ಈಗ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಮಾಯುತ್ತಲೇ ಇರಲಿಲ್ಲ. ಕಾಲು ತೆಗೆಯುವ ಮಾತು ಆಗಲೇ ಶುರುವಾಗಿತ್ತು. ಅವನು ಹಲ್ಲು ಕಚ್ಚಿ ಅದುಮಿದ. ಹದಿನೈದು.

ವಾರ್ಡಿಗೆ ವಾರ್ಡೇ ನಕ್ಕಿತು. ರೋಪಾತಿಯೂ ನಕ್ಕ, ಆಮೇಲೆ ಮುಖ ತಿರುಗಿಸಿಕೊಂಡ.

ಲಾಂಗಿ ಮಾತ್ರ ನಗಲಿಲ್ಲ. ಅವನ ಹಾಳೆಗಳನ್ನು ತಿರುವಿದಳು. ಎರಡು ತಿಂಗಳಲ್ಲಿ ಹತ್ತೊಂಬತ್ತು ಕಿಲೋ ಇಳಿದಿದ್ದ. ಅದರ ಪಕ್ಕದಲ್ಲಿ ಯಾರೋ 'ಭೇಷ್!' ಎಂದು ಬರೆದಿದ್ದರು. ಅವಳು ಹಿರಿಯ ನರ್ಸ್ ಪೆರೆನಿಸೆಯ ಬಳಿಗೆ ಓಡಿದಳು.

"ಸಿಸ್ಟರ್, ರೋಪಾತಿ ಮಾಮ ಸೊರಗ್ತಾ ಇದ್ದಾರೆ! ಕೊಬ್ಬಲ್ಲ, ಮಾಂಸಖಂಡಾನೇ ಕರಗ್ತಿದೆ. ಹುಣ್ಣು ಮಾಯೋಕೆ ಮೈಯಲ್ಲಿ ಸರಕೇ ಇಲ್ಲ!"

"ಅವನು ಸೊರಗೋದಾ? ನೂರ ಮೂವತ್ತು ಕಿಲೋ ಇದ್ದಾನೆ ಕಣೇ! ನನ್ನ ತಮ್ಮನೂ ಹೀಗೇ ಇದ್ದ. ಬಾಯಿ ಕಟ್ಟಲಿಲ್ಲ, ಎರಡೂ ಕಾಲು ಹೋಯ್ತು. ಅದಕ್ಕೇ ಇವನಿಗೆ ಅರ್ಧ ಊಟ ಸಾಕು ಅಂತ ನಾನೇ ಹೇಳಿದ್ದು."

"ನಿಮ್ಮ ಭಯ ಸುಳ್ಳಲ್ಲ ಸಿಸ್ಟರ್. ಕೆಸವಿನ ಗೆಡ್ಡೆ ರಾಶಿ ಹಾಕಿ ಅಂತ ನಾನೂ ಹೇಳ್ತಿಲ್ಲ. ಮೀನು, ಮೊಟ್ಟೆ ಬೇಕು. ಮೈ ನೋಡಿ ಹೊಟ್ಟೆ ತುಂಬಿದೆ ಅಂದ್ಕೊಂಡ್ವಿ, ಅಷ್ಟೇ."

ಪೆರೆನಿಸೆ ಹಾಳೆಯನ್ನು ಇಸಿದುಕೊಂಡು ದಿಟ್ಟಿಸಿದಳು. "ಅರ್ಧ ಊಟ ಮಾಡಿದ್ರೂ ಇಷ್ಟು ಬೇಗ ಇಳಿಯಲ್ವಲ್ಲೇ…"

ಇಬ್ಬರೂ ರೋಪಾತಿಯ ಹಾಸಿಗೆಯ ಬಳಿಗೆ ಬಂದರು.

"ಮಾಮ, ನಿನ್ನೆ ಏನು ಊಟ ಮಾಡಿದ್ರಿ?" ಎಂದು ಲಾಂಗಿ ಕೇಳಿದಳು.

ಅವನು ಸಿಯಾಕಿಯ ಹಾಸಿಗೆಯತ್ತ ಕಣ್ಣು ಹಾಯಿಸಿದ. "ಸಿಯಾಕಿಗೆ ಕೊಟ್ಟೆ. ದಿನಾ ಅವನಿಗೇ ಕೊಡ್ತೀನಿ."

"ಯಾಕೆ ಮಾಮ?"

"ನಾನು ತಟ್ಟೆಗೆ ಕೈ ಹಾಕಿದ್ರೆ ಸಾಕು, ಎಲ್ರೂ ನೋಡ್ತಾರೆ. ಇನ್ನೂ ತಿಂತಾನಲ್ಲಪ್ಪಾ ಅಂತ. ತೂಕ ಇಳಿದ ದಿನ ಮಾತ್ರ ಬೆನ್ನು ತಟ್ತಾರೆ."

'ಭೇಷ್' ಎಂದು ಬರೆದವಳು ಪೆರೆನಿಸೆಯೇ. ಅವಳು ಹಾಳೆ ಹಿಡಿದುಕೊಂಡೇ ಡಾಕ್ಟರ ಕೋಣೆಯತ್ತ ಹೊರಟುಹೋದಳು.

ಮಧ್ಯಾಹ್ನ, ಡಾಕ್ಟರ ಒಪ್ಪಿಗೆ ಪಡೆದು, ಪೆರೆನಿಸೆಯೇ ಎರಡು ತಟ್ಟೆ ಹಿಡಿದುಕೊಂಡು ಬಂದಳು. ಬೇಯಿಸಿದ ಮೀನು, ಮೊಟ್ಟೆ, ಸೊಪ್ಪು. ಒಂದನ್ನು ರೋಪಾತಿಯ ಮುಂದಿಟ್ಟಳು. ಕುರ್ಚಿ ಎಳೆದು ಕೂತು, ಇನ್ನೊಂದನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮೂವತ್ತು ವರ್ಷದಲ್ಲಿ ಅವಳು ವಾರ್ಡಿನೊಳಗೆ ಉಂಡದ್ದನ್ನು ಯಾರೂ ನೋಡಿರಲಿಲ್ಲ.

"ಪ್ರಾರ್ಥನೆ ನೀನೇ ಹೇಳು. ಬೇಗ ಮುಗಿಸು, ನಂಗೆ ಹೊಟ್ಟೆ ಹಸೀತಿದೆ."

"ಎಲ್ರೂ ನೋಡ್ತಿದ್ದಾರೆ ಸಿಸ್ಟರ್."

"ನೋಡ್ಲಿ ಬಿಡು. ನಾನೇನು ಸಣ್ಣಗಿದೀನಾ?"

ಸಿಯಾಕಿ ಕಿಸಕ್ಕನೆ ನಕ್ಕ. ರೋಪಾತಿ ಪ್ರಾರ್ಥನೆ ಮುಗಿಸಿ ತಟ್ಟೆಗೆ ಕೈ ಹಾಕಿದ. ಅವನ ತಟ್ಟೆಯಲ್ಲಿ ಕೊನೆಗೆ ಉಳಿದದ್ದು ಮೀನಿನ ಮುಳ್ಳು ಮಾತ್ರ.

ಐದು ವಾರ ಕಳೆಯುವಷ್ಟರಲ್ಲಿ ಹುಣ್ಣಿನ ಅಂಚಿನಲ್ಲಿ ಹೊಸ ಮಾಂಸ ಕೆಂಪಗೆ ಚಿಗುರಿತು. ಕಾಲು ತೆಗೆಯುವ ಮಾತನ್ನು ಡಾಕ್ಟರು ಸದ್ಯಕ್ಕೆ ಕೈಬಿಟ್ಟರು. ಒಬ್ಬನಿಂದ ಏನೂ ಸಾಬೀತಾಗದು, ಉಳಿದ ಐವತ್ತೊಂಬತ್ತು ಮಂದಿಯನ್ನೂ ನೋಡಬೇಕು ಎಂಬುದು ಲಾಂಗಿಗೆ ಗೊತ್ತಿತ್ತು. ಆದರೂ ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮುಂದಿನ ರೋಗಿಯ ಬಳಿಗೆ ಹೋಗುವ ಮೊದಲು, ತನ್ನ ಹಾಳೆಯಲ್ಲಿದ್ದ 'ಏನು ತಿಂದಿರಿ?' ಎಂಬ ಪ್ರಶ್ನೆಯ ಕೆಳಗೆ ಅವಳು ಪೆನ್ನಿನಿಂದ ಇನ್ನೊಂದನ್ನು ಸೇರಿಸಿದಳು: 'ಯಾರ ಜೊತೆ ತಿಂದಿರಿ?'