ಕಲ್ನಾರಿನ ಬತ್ತಿ

ಕೆಮ್ಮಿದ್ದು ಲಾಂಚಿನ ಇಂಜಿನ್ನು, ಅಣ್ಣನಲ್ಲ, ಆದರೂ ನಾಗುವಿನ ಕೈ ತನ್ನಷ್ಟಕ್ಕೇ ಚಾಚಿಕೊಂಡು ಅಣ್ಣನ ಬೆನ್ನಿನ ತನಕ ಹೋಗಿ ಅಲ್ಲೇ ನಿಂತಿತು, ಮುಟ್ಟಬಾರದು, ಎಡ ಹೆಗಲಮೂಳೆಯ ಕೆಳಗೆ ಬೆಳಿಗ್ಗೆಯಷ್ಟೇ ಎದೆಯ ನೀರು ತೆಗೆಯಲು ಸೂಜಿ ಹೋಗಿ ಬಂದ ಜಾಗವಿದೆ — ಹೊನ್ನಾವರದ ದಡ ಹಿಂದೆ ಸರಿಯುತ್ತಿದೆ, ಶರಾವತಿಯ ಮೇಲೆ ಡೀಸೆಲ್ಲಿನ ವಾಸನೆ, ಆಚೆ ಕಾಸರಕೋಡಿನಲ್ಲಿ ಬಸ್ಸು ಕಾಯುತ್ತಿರಬೇಕು, ಆ ಬಸ್ಸು ಹತ್ತಿದರೆ ಭಟ್ಕಳ, ಭಟ್ಕಳ ದಾಟಿದರೆ ಬೆಳಕೆ, ಬೆಳಕೆ ಎಂದರೆ ಮನೆ, ಮನೆ ಎಂದರೆ ಬೊಂಬಾಯಿಯ ಆಸ್ಪತ್ರೆಗೆ ಹೋಗುವುದಿಲ್ಲ ಎಂದೇ ಅಲ್ಲವೇ, ಹಾಗಾದರೆ ಈ ಲಾಂಚು ಹತ್ತಿದ್ದೇ ತೀರ್ಮಾನವಾಗಿಬಿಟ್ಟಿತೆ, ಯಾರು ತೀರ್ಮಾನಿಸಿದ್ದು, ಕುಮಟೆಯ ಡಾಕ್ಟರು ಹೇಳಿದ್ದನ್ನು ಅವನು ಇನ್ನೂ ಯಾರೆದುರೂ ಬಾಯಿ ಬಿಟ್ಟಿಲ್ಲ, ಅತ್ತಿಗೆ ಹೊನ್ನಿ ಎದುರಿನ ಹಲಗೆಯ ಮೇಲೆ ಗಂಟು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಾಳೆ, ಅಷ್ಟ್ ಹೊತ್ತು ಒಳಗೆ ಎಂತ ಮಾಡ್ತಿದ್ದೆ, ಚಾ ಕೊಟ್ರಾ ಡಾಕ್ಟ್ರು, ಅದಕ್ಕೆ ಅಣ್ಣ, ಜಟ್ಟಣ್ಣ, ಉಸಿರು ಸಾಲದಿದ್ದರೂ ಚೇಷ್ಟೆಗೇನೂ ಕಡಿಮೆಯಿಲ್ಲ, ಅವ ಮುಲ್ಕಿ ಪರೀಕ್ಷೆ ಪಾಸಾದವ ಮಾರಾಯ್ತಿ, ಅವಂಗೆ ಕುರ್ಚಿನೂ ಕೊಟ್ಟಿರ್ತ್ರು. ಕೊಟ್ಟಿದ್ದರು. ಕುರ್ಚಿಯ ತುದಿಯಲ್ಲಿ ಕುಳಿತು ನಾಗು ಎಲ್ಲದಕ್ಕೂ ತಲೆಯಾಡಿಸಿದ್ದ, ಹಗಲು ಮಂಡಿಯಲ್ಲಿ ಮೂಟೆ ತೂಗಿ ಸಂಜೆಯ ಶಾಲೆಯಲ್ಲಿ ಕಲಿತವನಿಗೆ ತಲೆಯಾಡಿಸುವುದು ಮಾತ್ರ ಚೆನ್ನಾಗಿ ಬರುತ್ತದೆ, ಡಾಕ್ಟರು ಹೇಳಿದ್ದರು, ಎದೆಯಿಂದ ತೆಗೆದು ಹುಬ್ಬಳ್ಳಿಗೆ ಪರೀಕ್ಷೆಗೆ ಕಳಿಸಿದ ತುಣುಕಿನ ಉತ್ತರ ಬಂದಿದೆ ನಾಗು, ಇದು ಕ್ಷಯವಲ್ಲ, ಶ್ವಾಸಕೋಶದ ಮೇಲಿನ ಪೊರೆಗೆ ಹತ್ತಿದ ಕ್ಯಾನ್ಸರು.

ಕ್ಷಯವಲ್ಲ, ಕ್ಷಯವಲ್ಲ — ಹಾಗಿದ್ದರೆ ಆ ಚುಚ್ಚುಮದ್ದುಗಳು, ಅಣ್ಣನ ಸೊಂಟದ ಎರಡೂ ಕಡೆ ಗಂಟುಕಟ್ಟುವ ತನಕ ಕೊಡಿಸಿದ ಸ್ಟ್ರೆಪ್ಟೋಮೈಸಿನ್, ಹಿತ್ತಿಲಿನ ಕಡೆ ಅವನೊಬ್ಬನಿಗೇ ಕಟ್ಟಿಸಿದ ಸೋಗೆಯ ಮಾಡು, ಬೇರೆ ತಟ್ಟೆ, ಬೇರೆ ಲೋಟ, ಉಗುಳಿದ್ದಕ್ಕೆ ಸುಣ್ಣ, ಹಾಗೆಯೇ ಮಾಡಬೇಕೆಂದು ಶಾಲೆಯ ಪಾಠದಲ್ಲಿತ್ತು, ಹಟ ಹಿಡಿದು ಮಾಡಿಸಿದವನೂ ಅವನೇ, ಜಟ್ಟಣ್ಣ ಆ ಮಾಡಿನಲ್ಲಿ ಕುಳಿತು ಊಟದ ಹೊತ್ತಿಗೆ ತಟ್ಟೆಯನ್ನು ತಾನೇ ದೂರ ತಳ್ಳುತ್ತಿದ್ದ, ಹತ್ರ ಬರಬ್ಯಾಡ ತಮ್ಮ, ನಿಂಗೆ ಹತ್ತೂದು ಬ್ಯಾಡ. ಹತ್ತುವಂಥದ್ದೇ ಅಲ್ಲವಂತೆ ಅದು. ಡಾಕ್ಟರು ಬೆರಳು ಮಡಚುತ್ತ ಹೇಳಿದ್ದರು, ಒಂದು, ಎದೆಯಲ್ಲಿ ನೀರು ತುಂಬಿದಾಗಲೆಲ್ಲ ಇಲ್ಲಿಗೆ ಕರೆತಂದು ಸೂಜಿ ಹಾಕಿ ತೆಗೆಸುವುದು, ಉಸಿರು ಹಗುರಾಗುತ್ತದೆ, ಮತ್ತೆ ತುಂಬುತ್ತದೆ, ಇಲ್ಲವೇ ಬೊಂಬಾಯಿ, ಅಲ್ಲಿ ನೀರು ತೆಗೆದ ಜಾಗಕ್ಕೆ ಔಷಧಿ ಬಿಟ್ಟು ಮತ್ತೆ ತುಂಬದಂತೆ ಮಾಡಿ ನೋಡುತ್ತಾರೆ, ದೊಡ್ಡ ಯಂತ್ರದಲ್ಲಿ ಗಡ್ಡೆಗೆ ಎಕ್ಸ್‌ರೇ ಬೆಳಕು ಕೊಡುತ್ತಾರೆ, ಎದೆ ತೆರೆದು ಪೊರೆಯ ಜೊತೆ ಶ್ವಾಸಕೋಶವನ್ನೇ ತೆಗೆಯುವವರೂ ಇದ್ದಾರೆ, ನಿನ್ನಣ್ಣನ ಮೈ ಅದನ್ನು ತಾಳಲಿಕ್ಕಿಲ್ಲ. ಯಾವುದರಲ್ಲಿ ಗುಣವಾಗುತ್ತದೆ ಸರ್? ಯಾವುದರಲ್ಲೂ ಇಲ್ಲ. ನೋವು ತಗ್ಗೀತು, ಸ್ವಲ್ಪ ಕಾಲ ಸಿಕ್ಕೀತು, ಸಿಗದೆಯೂ ಹೋದೀತು. ಸೋಮವಾರದ ತನಕ ಅಲ್ಲಿನ ಆಸ್ಪತ್ರೆಯಲ್ಲಿ ಒಂದು ಮಂಚ ಹಿಡಿದಿಡಲು ಹೇಳಿದ್ದೇನೆ, ಹೋಗುವುದಾದರೆ ಇಲ್ಲಿಂದಲೇ ಹುಬ್ಬಳ್ಳಿಯ ಬಸ್ಸು ಹಿಡಿಯಿರಿ, ಅಲ್ಲಿಂದ ರೈಲು — ಆಗ ನಾಗು ಕೇಳಬೇಕಿತ್ತು, ನಿಮ್ಮ ಅಣ್ಣನೇ ಆಗಿದ್ದರೆ ಎಂತ ಮಾಡ್ತಿದ್ರಿ ಅಂತ, ಕೇಳಲಿಲ್ಲ, ಅಧಿಕಪ್ರಸಂಗವಾದೀತೆಂದು ಎದ್ದುಬಿಟ್ಟಿದ್ದ, ಈಗ ನಡುಹೊಳೆಯಲ್ಲಿ ಯಾರನ್ನು ಕೇಳುವುದು.

ಎದ್ದು ಬರುವಾಗ ಡಾಕ್ಟರು ತಡೆದಿದ್ದರು, ನಿಲ್ಲು, ನಿನ್ನಣ್ಣ ಬೊಂಬಾಯಿಯಲ್ಲಿ ಎಂತ ಕೆಲಸ ಮಾಡ್ತಿದ್ದದ್ದು? ಹಡಗು ರಿಪೇರಿಯಲ್ಲಿ ಸರ್, ಬಾಯ್ಲರಿಗೂ ಕೊಳವೆಗೂ ಬಿಸಿ ಹೊರಗೆ ಬಾರದ ಹಾಗೆ ಕಲ್ನಾರು ಸುತ್ತೂದು, ಮದುವೆಗೂ ಮುಂಚೆ ಹೋದವ, ಎದೆನೋವು ಬಂದ ಮೇಲೇ ವಾಪಸ್ ಬಂದದ್ದು. ಡಾಕ್ಟರು ಕನ್ನಡಕ ತೆಗೆದರು, ಹೊರದೇಶದಲ್ಲಿ ಕಲ್ನಾರಿನ ಗಣಿಯವರಿಗೆ ಇದೇ ಬಂದದ್ದು ಓದಿದ್ದೆ, ಗಣಿಗೆ ಇಳಿಯದೆ ಬರೀ ಅದರ ಧೂಳು ಉಸಿರಿಗೆ ಹೋದ ಹೆಂಗಸರಿಗೂ ಬಂದಿದೆಯಂತೆ, ವರ್ಷಗಟ್ಟಲೆ ಒಳಗೇ ಕೂತಿದ್ದು ಆಮೇಲೆ ಏಳುತ್ತದಂತೆ, ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಆ ನಾರು ಮುಟ್ಟಿದ್ದುಂಟೋ? ಆಗಲೂ ನಾಗು ತಲೆಯಾಡಿಸಿದ್ದ, ಹೌದೆಂದೋ ಇಲ್ಲವೆಂದೋ ಅವನಿಗೇ ನೆನಪಿಲ್ಲ, ಏಕೆಂದರೆ ಅಷ್ಟರಲ್ಲಿ ಕಣ್ಣಮುಂದೆ ಮನೆಯ ಜಗಲಿ ಬಂದಿತ್ತು — ರಜೆಗೆ ಬಂದಾಗಲೆಲ್ಲ ಜಟ್ಟಣ್ಣ ಟ್ರಂಕಿನ ತಳದಿಂದ ಬೆಳ್ಳಗಿನ ಒಂದು ಗಂಟು ತೆಗೆಯುತ್ತಿದ್ದ, ಕಲ್ಲಹತ್ತಿ ಇದು, ಕಲ್ಲಿಂದ ಆದದ್ದು, ಬೆಂಕಿಗೆ ಹಾಕಿದ್ರೂ ಸುಡೂದಿಲ್ಲ, ಬತ್ತಿ ಮಾಡಿ ನೋಡು ಹೊನ್ನಿ. ಅತ್ತಿಗೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು ನಾರು ಹಿಂಜುತ್ತಿದ್ದಳು, ಅಂಗೈಗೆ ಚೂರು ಬೂದಿ ಹಚ್ಚಿ ತೊಡೆಯ ಮೇಲೆ ಹೊಸೆಯುತ್ತಿದ್ದಳು, ತುಳಸಿಯ ಮುಂದೆ ಎಣ್ಣೆ ತೀರಿದರೂ ಬತ್ತಿ ತೀರುತ್ತಿರಲಿಲ್ಲ, ಮಸಿ ಕೆರೆದು ಮತ್ತೆ ಹಚ್ಚಿದರಾಯಿತು, ದೀಪಾವಳಿ ಬಂತೆಂದರೆ ಕೇರಿಯ ಹೆಂಗಸರೆಲ್ಲ ಹೊನ್ನಕ್ಕಾ ನಂಗೊಂದು ಚೂರು, ನಂಗೂ ಒಂದು ಚೂರು ಎಂದು ಬರುತ್ತಿದ್ದರು, ಹಿಂಜಿ ಮುಗಿದ ಮೇಲೆ ಅವಳು ಸೀರೆಗೆ ಅಂಟಿದ ಎಳೆಗಳನ್ನು ತುಟಿ ಮುಂದೆ ಮಾಡಿ ಊದುತ್ತಿದ್ದಳು, ಉಫ್, ಅವು ಬಿಸಿಲಿನ ಕೋಲಿನಲ್ಲಿ ಮೇಲೆದ್ದು ಹೊಳೆಯುತ್ತ ಕೆಳಗಿಳಿಯದೆ ಸುತ್ತುತ್ತಿದ್ದವು, ಆಮೇಲೆ ಅವಳು ಬಾಯ್ತುಂಬ ಉಸಿರೆಳೆದುಕೊಂಡು ಮತ್ತೆ, ಉಫ್.

ತಮ್ಮಾ. ಜಟ್ಟಣ್ಣ ತಿರುಗದೆಯೇ ಕರೆದ, ಬೊಂಬಾಯಿಗೆ ಹೋಗಿ ಅಂದ್ರಲ್ಲ, ಬೆಳಕು ಕೊಡ್ಸೂಕೆ? ನಾಗು ಅವನ ಪಕ್ಕಕ್ಕೆ ಸರಿದ, ನಿಂಗೆ ಯಾರು ಹೇಳ್ದ್ರು ಅಣ್ಣ, ಯಾರೂ ಹೇಳಬೇಕಾಗಿರಲಿಲ್ಲ, ಬಾಡ ಊರಿನ ದಾಸ ಅದೇ ಹಡಗಿನ ಹೊಟ್ಟೆಯಲ್ಲಿ ಅಣ್ಣನ ಜೊತೆ ಕೆಲಸ ಮಾಡಿದವ, ಅವನಿಗೂ ಹೀಗೇ ಎದೆಯಲ್ಲಿ ನೀರು, ಅವನಿಗೂ ಬೆಳಕು, ಎದೆಯ ಚರ್ಮ ಕರ್ರಗಾಗಿ ಸುಲಿದು ಗಂಜಿಯೂ ಗಂಟಲಲ್ಲಿ ಇಳಿಯದೆ, ನಾ ಬೊಂಬಾಯಿ ಆಸ್ಪತ್ರೆಗೆ ಹೋಗಿ ಕಂಡ್ಕಂಡು ಬಂದಿದ್ದೆ ತಮ್ಮ, ಗೋಡೆ ಬದಿಗೆ ತಿರುಗಿ ಮಲಗಿದ್ದ, ಊರ ಮಾತು ಆಡೂಕೆ ಒಂದು ಜನ ಇಲ್ಲ, ಬಾಯ್ಲರಿನಾಗೇ ಸುಡದ ವಸ್ತು, ಅವ್ರ ಬೆಳಕಿಗೆ ಸುಟ್ಟೀತಾ ಹೇಳು. ಹಾಗಲ್ಲ ಅಣ್ಣ, ಬೆಳಕು ಸುಡುವುದು ನಾರನ್ನಲ್ಲ, ಗಡ್ಡೆಯನ್ನು, ಹೇಳಬೇಕು, ಎಲ್ಲವನ್ನೂ ಹೇಳಬೇಕು, ತನ್ನ ಭಯವನ್ನು ಅಣ್ಣನ ತೀರ್ಮಾನವೆಂದು ದಾಟಿಸಬಾರದು, ನಾಗು ಹೇಳಿದ, ಸೂಜಿ, ಔಷಧಿ, ಬೆಳಕು, ಎದೆ ತೆರೆಯುವುದು, ಸೋಮವಾರ, ಒಂದನ್ನೂ ಬಿಡಲಿಲ್ಲ, ಬೇಕಾದ್ರೆ ಇದೇ ಲಾಂಚಿನಾಗೆ ವಾಪಸ್ ಹೋಗ್ವ ಅಣ್ಣ, ಇನ್ನೂ ಹೊತ್ತಿದೆ. ಜಟ್ಟಣ್ಣ ಹೊಳೆ ನೋಡುತ್ತಿದ್ದ, ಯಾವ್ದರಾಗೆ ಗುಣ ಆತದೆ? ಯಾವ್ದರಾಗೂ ಇಲ್ಲ. ಹಾಂಗಾದ್ರೆ ಸೂಜಿಯೇ ಆತು, ತುಂಬ್ದಾಗ ಬರ್ವ, ತೆಗ್ಸ್ವ, ಮನೆಗೆ ಹೋಗ್ವ, ಆ ಹಿತ್ಲ ಮಾಡು ಮಾತ್ರ ಕಿತ್ತು ಹಾಕು ಮಾರಾಯ, ನಾ ಜಗಲಿ ಮೇಲೇ ಮಲಗ್ತೆ.

ಲಾಂಚು ದಡಕ್ಕೆ ತಾಗಿತು, ಹಲಗೆ ಹಾಕಿದರು, ಜನ ಇಳಿಯುತ್ತಿದ್ದಾರೆ, ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಅಳಲಿಲ್ಲ, ಗಂಟು ಕಂಕುಳಿಗೆ ಏರಿಸಿ ಗಂಡನ ತೋಳು ಹಿಡಿದು ಎಬ್ಬಿಸಿದಳು, ಮಲಗಿ, ಜಗಲಿ ಮೇಲೇ ಮಲಗಿ, ನಾನೂ ಅಲ್ಲೇ ಮಲಗ್ತೆ, ಎಂದವಳು ನಾಗುವಿನ ಕಡೆ ತಿರುಗಿ, ಬಾಗಿಲ ಹತ್ರ ನಿಲ್ಸಿ ಮತ್ತೆ ಎಂತದೋ ಕೇಳ್ತಿದ್ರಲ್ಲ ಡಾಕ್ಟ್ರು, ಎಂತ ಅದು? ಒಂದನ್ನೂ ಬಿಡದೆ ಹೇಳಿದೆನೆಂದುಕೊಂಡಿದ್ದ, ಬಿಟ್ಟಿದ್ದ, ಮನೆಯಲ್ಲಿ ಬೇರೆ ಯಾರು ಆ ನಾರು ಮುಟ್ಟಿದ್ದೆಂಬುದನ್ನು, ಈ ಒಂದಕ್ಕೆ ಸೂಜಿಯಿಲ್ಲ, ಬೊಂಬಾಯಿಯಿಲ್ಲ, ಹೇಳಿದರೆ ಅವಳು ಮಾಡುವುದೇನು, ಹೇಳದಿದ್ದರೆ ತಾನು ಮಾಡುವುದೇನು, ಎಂತದೂ ಇಲ್ಲ ಅತ್ತಿಗೆ ಎನ್ನಲು ಬಾಯಿ ತೆರೆದ, ಅವಳು ಉತ್ತರಕ್ಕೆ ಕಾಯುತ್ತ ಹಣೆಯ ಮೇಲೆ ಇಳಿದ ಕೂದಲನ್ನು ಕೆಳತುಟಿ ಮುಂದೆ ಮಾಡಿ ಊದಿದಳು, ಉಫ್, ಜಗಲಿ, ಬಿಸಿಲಿನ ಕೋಲು, ತೊಡೆಯ ಮೇಲಿನ ಬೆಳ್ಳನೆ ಎಳೆಗಳು, ಮೇಲೇಳುತ್ತವೆ, ಅವಳು ಉಸಿರು ಎಳೆದುಕೊಳ್ಳುತ್ತಾಳೆ, ಉಫ್, ಮೇಲೇಳುತ್ತವೆ, ಉಸಿರು ಎಳೆದುಕೊಳ್ಳುತ್ತಾಳೆ,