ಗಾದ್ರಮ್ಮ ಹೊಕ್ಕ ಎಂಜಿನ್

ಜಗಳೂರಿನ ಬಸ್ ನಿಲ್ದಾಣದ ಹಿಂದೆ ದುರ್ಗಾಂಬಿಕಾ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟಿದ್ದಳು. ಕತ್ತರಿಸಿ ಉಳಿದ ದಪ್ಪ ಕಾಗದದಲ್ಲಿ ಪುಟ್ಟ ಪುಟ್ಟ ರೈಲು ಬೋಗಿ ಮಾಡುವುದು ಅವಳ ಹುಚ್ಚು. ಕಿಟಕಿಯ ಸರಳಿಗೆ ಹೊಲಿಗೆ ದಾರ, ಬಾಗಿಲ ಹಿಡಿಗೆ ಸ್ಟೇಪ್ಲರ್ ಪಿನ್ನು. ಹಳಿ, ಚಕ್ರ, ಮೋಟಾರಿದ್ದ ಎಂಜಿನ್ನು ಮಾತ್ರ ಆನ್‌ಲೈನಿನಲ್ಲಿ ತರಿಸಿದ್ದಳು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು, ಆದರೆ ಮಿಕ್ಸಿಯ ಹಾಗೆ ಕಿರ್ ಎನ್ನುತ್ತಿತ್ತು.

"ಇದಕ್ಕೆ ಡೀಸೆಲ್ ಎಂಜಿನ್ ದನಿ ಕೂರಿಸಾಕೆ ಆಗ್ತೈತಾ?" ಎಂದು ಪಕ್ಕದ ಮೊಬೈಲ್ ರಿಪೇರಿಯ ಸಾದಿಕ್‌ನನ್ನು ಕೇಳಿದಳು.

"ಆಗ್ತೈತಕ್ಕ, ಸಣ್ಣ ಬೋರ್ಡು, ಸಣ್ಣ ಸ್ಪೀಕರು ಸಾಕು. ಆದ್ರೆ ನೆಟ್ಟಿನಾಗೆ ಸಿಗೋ ದನಿ ಬ್ಯಾರೆ ದೇಶದ್ದು. ನಮ್ಮ ಎಂಜಿನ್ ಹಂಗೆ ಕೂಗಲ್ಲ."

ನಮ್ಮ ಎಂಜಿನ್ ದನಿ ರೆಕಾರ್ಡ್ ಮಾಡಬೇಕೆಂದರೆ ದಾವಣಗೆರೆಗೇ ಹೋಗಬೇಕು. ಭಾನುವಾರ ಇಬ್ಬರೂ ಹೊರಟಾಗ ಅತ್ತೆ ಗಾದ್ರಮ್ಮನೂ ಸೀರೆ ಬದಲಿಸಿಕೊಂಡು ಬಸ್ ಹತ್ತಿದಳು. ಪ್ಲಾಟ್‌ಫಾರ್ಮಿನಲ್ಲಿ ಮೊದಲು ಬಂದವೆಲ್ಲ ಕರೆಂಟಿನ ಗಾಡಿಗಳು. ಮಂಡಕ್ಕಿ ಮುಗಿದು, ಮೆಣಸಿನಕಾಯಿಯೂ ಮುಗಿದ ಮೇಲೆ ಗೂಡ್ಸ್ ಎಳೆದುಕೊಂಡು ಡೀಸೆಲ್ ಎಂಜಿನ್ ಬಂತು. ಸಾದಿಕ್ ಮೈಕಿಗೆ ಕರವಸ್ತ್ರ ಸುತ್ತಿ ಕೈ ಮೇಲೆತ್ತಿದ. ನೆಲ ನಡುಗಿತು. ಮೂವರೂ ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕರು.

ಜಗಳೂರಿಗೆ ಮರಳಿ ಜೋಡಿಸಲು ಕೂತರೆ ಎಂಜಿನ್ನಿನೊಳಗೆ ಜಾಗವೇ ಇಲ್ಲ. ಬೋರ್ಡನ್ನೂ ಸ್ಪೀಕರನ್ನೂ ಹಿಂದಿನ ಬೋಗಿಯಲ್ಲಿ ಕೂರಿಸಿದರು. ಹಚ್ಚಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳಿಸಿತು.

"ಸ್ಪೀಕರ್ ಹಿಂದಿನ ಗಾಳಿ ತಪ್ಪಿಸ್ಕಂಡು ಹೋಗ್ತೈತೆ," ಎಂದ ಸಾದಿಕ್. "ಅದಕ್ಕೊಂದು ಬಿಗಿ ಡಬ್ಬಿ ಬೇಕು."

ಡಬ್ಬಿ ಕಟ್ಟುವುದು ದುರ್ಗಾಂಬಿಕಾಗೆ ಯಾವ ಲೆಕ್ಕ. ಸಂದಿಗೆಲ್ಲ ಗೋಂದು ಮೆತ್ತಿ, ಒಣಗಿಸಿ, ಸ್ಪೀಕರಿನ ಬೆನ್ನಿಗೆ ಅಂಟಿಸಿದಳು. ಈ ಸಲ ಗುಡುಗುಡು ಸದ್ದಿಗೆ ನೆಲಕ್ಕೆ ಹಾಸಿದ ಹಳಿಯ ಪಕ್ಕದಲ್ಲಿದ್ದ ಲೋಟ ಅಲುಗಾಡಿತು. ಎಂಜಿನ್ ತಿರುವು ದಾಟಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಅದರ ಹಿಂದೆಯೇ ಮಾತಾಡಿತು.

"ಹಿಡ್ಕಳೇ ದುರ್ಗೀ, ನಾ ಬಿದ್ದೋಗ್ತೀನಿ. ಎಷ್ಟ್ ದೊಡ್ಡದೈತೆ ಇದು."

ಸಾದಿಕ್ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟ. ನಕ್ಕು ನಕ್ಕು ದುರ್ಗಾಂಬಿಕಾಳ ಕಣ್ಣಲ್ಲಿ ನೀರು. ಒಳಮನೆಯಿಂದ ಗಾದ್ರಮ್ಮ ಬಂದಳು.

"ಯಾರದು ನನ್ನಂಗೆ ಮಾತಾಡಿದ್ದು?"

ಮತ್ತೊಂದು ಸುತ್ತು ಓಡಿಸಿದರು. ಗಾದ್ರಮ್ಮ ಬಾಗಿ, ಬೋಗಿಗೆ ಕಿವಿಯಿಟ್ಟು ಕೇಳಿದಳು.

"ನೀ ಬ್ಯಾಜಾರು ಮಾಡ್ಕಬ್ಯಾಡಜ್ಜಿ. ಸ್ಟೇಷನ್ನಿನಾಗೆ ನೀ ಅಂದಿದ್ದೂ ಸೇರ್ಕಂಡೈತೆ, ಆ ತುಂಡು ತೆಗೆದುಬಿಡ್ತೀನಿ," ಎಂದ ಸಾದಿಕ್.

"ಯಾಕೆ ತೆಗೀತೀಯ? ನಾ ಹೇಳಿದ್ರಾಗೆ ಸುಳ್ಳೇನೈತೆ? ನಿಮ್ಮ ಗಾಡಿಗೆ ಊರಿನ ಹೆಸರು ಕೂಗೋರೇ ಇಲ್ಲ. ಅದನ್ನೂ ನಾನೇ ಕೂಗ್ತೀನಿ, ಹಿಡಿ ಮೈಕು."

ಸೆರಗು ಸರಿಮಾಡಿಕೊಂಡು, ಸ್ಟೇಷನ್ನಿನಲ್ಲಿ ಕೇಳಿದ ಧಾಟಿಯಲ್ಲೇ ಎಳೆದೆಳೆದು ಕೂಗಿದಳು. "ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮಾರ್ಗವಾಗಿ ಜಗಳೂರಿಗೆ ಹೋಗುವ ಗಾಡಿ ಈಗ ಬರ್ತಾ ಐತೆ." ಆ ನಾಲ್ಕರಲ್ಲಿ ಒಂದೂರಿಗೂ ರೈಲಿಲ್ಲ. ಅಂದು ಸಂಜೆ ಮಾತ್ರ ಗಾಡಿ ಅಷ್ಟೂ ಊರು ಸುತ್ತಿತು.

ಮಗಳ ಲಗ್ನಪತ್ರಿಕೆ ಒಯ್ಯಲು ಬಂದ ಹನುಮಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದವನು ಹಳಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಪತ್ರಿಕೆಯ ಕಟ್ಟು ಅಲ್ಲೇ ಉಳಿಯಿತು.

"ಬಸವಾಪಟ್ಟಣದಾಗೆ ನಿಲ್ಲಂಗಿಲ್ಲೇನ್ರಿ? ನಮ್ಮ ಬೀಗರೂರು," ಎಂದು ಕೇಳಿದ.

ಗಾದ್ರಮ್ಮ ಸೊಸೆಯ ಮುಖ ನೋಡಿದಳು. ದುರ್ಗಾಂಬಿಕಾ ತಲೆಯಾಡಿಸಿದಳು.

"ನಿಲ್ಲಿಸ್ತೀವಿ ಬಿಡ್ರಿ," ಎಂದು ಗಾದ್ರಮ್ಮ ಮತ್ತೆ ಮೈಕು ತೆಗೆದುಕೊಂಡಳು.