ಸೇತುವೆ ಗಲಾಟೆಯ ವರದಿ

ಸಂಪಾದಕಿ ಕನ್ನಡಕ ಏರಿಸಿಕೊಂಡು ಮೊದಲ ಸಾಲು ಓದುವಷ್ಟರಲ್ಲಿ ಸೇತುವೆ ಕಾವಲುಗಾರ ಬೆಂಚಿನ ತುದಿಗೆ ಸರಿದು ಕೂತ. ಇನ್ನೊಂದು ತುದಿಯಲ್ಲಿ ಪುರಸಭೆ ಅಧ್ಯಕ್ಷರ ಕಾರು ಓಡಿಸುತ್ತಿದ್ದ ಡ್ರೈವರ್ ಇದ್ದ. ನಡುವೆ ಮೂವರು ಕೂರುವಷ್ಟು ಜಾಗ ಖಾಲಿ.

ಊರಿನ ಆ ಸಣ್ಣ ವಾರಪತ್ರಿಕೆಯ ಪದ್ಧತಿಯೇ ಹಾಗೆ. ಯಾವ ಜಗಳದ ವರದಿಯಾದರೂ ಅಚ್ಚಿಗೆ ಹೋಗುವ ಮುಂಚೆ ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಗಟ್ಟಿಯಾಗಿ ಓದಿ ಹೇಳಬೇಕು. ಮುಗಿಯುವ ತನಕ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಯಾರಾದರೂ 'ಅಲ್ಲ' ಎಂದರೆ ಆ 'ಅಲ್ಲ'ವೂ ವರದಿಯ ಕೆಳಗೆ ಅಚ್ಚಾಗುತ್ತದೆ. ಅಧ್ಯಕ್ಷರನ್ನೂ ಕರೆದಿದ್ದರು; ಪುರುಸೊತ್ತಿಲ್ಲ ಎಂದು ಹೇಳಿಕಳಿಸಿದ್ದರು.

ಗಲಾಟೆ ಊರಿಗೆಲ್ಲ ಗೊತ್ತಿದ್ದದ್ದೇ. ಹೊಳೆ ಏರಿ ಸೇತುವೆಯ ಕೆಂಪು ಗೆರೆ ಮುಟ್ಟಿದ ದಿನ ಕಾವಲುಗಾರ ಅಡ್ಡಗಂಬ ಇಳಿಸಿದ್ದ. ಅಧ್ಯಕ್ಷರ ಕಾರು ಬಂತು. ಬಿಡು ಎಂದರು, ಬಿಡೆ ಎಂದ. ತಳ್ಳಾಟದಲ್ಲಿ ಕಾರಿನ ಕೀಲಿ ಹೊಳೆಯ ಪಾಲಾಯಿತು. ಅಧ್ಯಕ್ಷರು ಕೊಡೆ ಹಿಡಿದುಕೊಂಡು ಕೆಸರಲ್ಲಿ ನಡೆದು ವಾಪಸಾದರು. ಸೇತುವೆ ಬಿದ್ದಿದ್ದರೆ ಕಾವಲುಗಾರನ ಮಾತು ಉಳಿಯುತ್ತಿತ್ತು. ಅದು ಬೀಳಲಿಲ್ಲ, ಮಾರನೆಯ ದಿನ ಗುಂಡುಕಲ್ಲಿನ ಹಾಗೆ ನಿಂತೇ ಇತ್ತು. ರಾಜಧಾನಿಯ ದೊಡ್ಡ ವಾರಪತ್ರಿಕೆ 'ಸೇತುವೆ ಮೇಲೆ ರಾದ್ಧಾಂತ' ಎಂದು ಮುಖಪುಟಕ್ಕೆ ಬಣ್ಣದ ಚಿತ್ರ ಬರೆಸಿ ಹಾಕಿತು. ಚಿತ್ರದಲ್ಲಿ ಕಾವಲುಗಾರನಿಗೆ ಹುರಿಮೀಸೆ, ಕೈಯಲ್ಲೊಂದು ದೊಣ್ಣೆ. ಅವನಿಗೆ ಮೀಸೆಯೇ ಇರಲಿಲ್ಲ. ಬೈದುಕೊಳ್ಳುತ್ತಲೇ ಅದನ್ನು ಸೇತುವೆಯ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದ. "ಈ ವಯಸ್ಸಲ್ಲಾದ್ರೂ ಮೀಸೆ ಬಂತಲ್ಲ ಬಿಡಿ," ಎಂದು ಹೆಂಡತಿ ನಕ್ಕಿದ್ದಳು.

ಈ ಸಣ್ಣ ಪತ್ರಿಕೆಗೆ ವರದಿ ಬರೆದವಳು ಅವನ ಮಗಳು. ಅದು ಅವಳ ಮೊದಲ ದೊಡ್ಡ ವರದಿ. ಅಪ್ಪನ ವಿಷಯ ಬೇರೆಯವರು ಬರೆಯಲಿ ಎಂದು ಸಂಪಾದಕಿ ಹೇಳಿದಾಗ, "ನಾನೇ ಬರೀತೀನಿ, ಅವರ ಮಗಳು ಅನ್ನೋದನ್ನೂ ಬರೀತೀನಿ," ಎಂದಿದ್ದಳಂತೆ. ಕಾವಲುಗಾರನ ಕೆಲಸ ಉಳಿಸಬೇಕೋ ಬೇಡವೋ ಎಂದು ಪುರಸಭೆ ಮುಂದಿನ ವಾರ ತೀರ್ಮಾನಿಸುವುದಿತ್ತು. ಹೆತ್ತ ಮಗಳು ಬಿಟ್ಟುಕೊಟ್ಟಾಳೆಯೇ ಎಂಬ ಧೈರ್ಯದಿಂದ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಓದು ಸಾಗಿತು. ಕೆಂಪು ಗೆರೆ ಬಂತು, ಅಡ್ಡಗಂಬ ಬಂತು, 'ಬಿಡೆ' ಎಂದದ್ದೂ ಬಂತು. ಕಾವಲುಗಾರನ ಎದೆ ಒಂದಿಷ್ಟು ಮುಂದೆ ಬಂತು. ಆಗ ಸಂಪಾದಕಿ ಹಾಳೆ ತಿರುವಿದರು.

"ಕೀಲಿ ಡ್ರೈವರನ ಕೈಜಾರಿ ಬಿತ್ತು ಎಂದು ಕಾವಲುಗಾರರು ಪುರಸಭೆಗೆ ಹೇಳಿದ್ದಾರೆ. ಅಲ್ಲ ಎಂದ ಡ್ರೈವರನನ್ನು ಯಾರೂ ನಂಬದೆ, ಅವನ ಕೆಲಸ ಹೋಗಿದೆ. ಕೀಲಿ ಕಿತ್ತು ಹೊಳೆಗೆ ಎಸೆದವನು ತಾನೇ ಎಂದು ಕಾವಲುಗಾರರು ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿದ್ದನ್ನು ಈ ವರದಿಗಾರ್ತಿ ಕೇಳಿದ್ದಾಳೆ. ಈ ವರದಿಗಾರ್ತಿ ಅವರ ಮಗಳು."

ಅಲ್ಲಿಗೆ ವರದಿ ಮುಗಿಯಿತು. ಕಾವಲುಗಾರ ತಿರುಗಿ ನೋಡಿದ. ಮಗಳು ಅಚ್ಚಿನ ಯಂತ್ರದ ಪಕ್ಕ ನಿಂತಿದ್ದಳು.

"ಮನೇಲಿ ಉಣ್ಣುವಾಗ ಆಡಿದ್ದನ್ನೂ ಪತ್ರಿಕೆಗೆ ಹಾಕ್ತೀಯೇನೇ?"

"ಇವರ ಮನೇಲಿ ಉಣ್ಣೋದೇ ಕಷ್ಟ ಆಗಿದೆಯಲ್ಲಪ್ಪ."

ಡ್ರೈವರ್ ನೆಲ ನೋಡಿದ.

"ಹೌದೋ ಅಲ್ಲವೋ, ಅಷ್ಟು ಹೇಳಿ," ಎಂದರು ಸಂಪಾದಕಿ.

'ಅಲ್ಲ' ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ಕೆಲಸ ಉಳಿಯುತ್ತಿತ್ತು. ಮಗಳ ಮೊದಲ ವರದಿಯ ಕೆಳಗೆ, ಅವಳು ಸುಳ್ಳು ಬರೆದಳು ಎಂದು ಹೆತ್ತಪ್ಪನ ಮಾತೂ ಅಚ್ಚಾಗುತ್ತಿತ್ತು. ಅವನು ಇನ್ನೊಮ್ಮೆ ಅವಳನ್ನು ನೋಡಿದ. ಕಾಲು ಅಗಲಿಸಿ, ಗದ್ದ ಎತ್ತಿ ನಿಂತಿದ್ದಳು. ಅಡ್ಡಗಂಬ ಇಳಿಸಿದಾಗ ತಾನು ನಿಲ್ಲುವ ರೀತಿ ಅದು. ಎಲ್ಲಿ ಕಲಿತಳು ಇವಳು ಎಂದುಕೊಂಡ; ಉತ್ತರವೂ ಗೊತ್ತಿತ್ತು.

"ಹೌದು," ಎಂದ. ಮಗಳ ಕಡೆ ತಿರುಗಿ, "ಎಡಗೈಲಿ ಎಸೆದೆ. ಬಲಗೈ ಅಡ್ಡಗಂಬದ ಹಗ್ಗ ಬಿಟ್ಟಿರಲಿಲ್ಲ. ಅದನ್ನೂ ಸೇರಿಸಮ್ಮ," ಎಂದ.

"ಸೇರಿಸ್ತೀನಪ್ಪ."

"ಎಡಗೈಯಾದ್ರೂ ಗುರಿ ಚೆನ್ನಾಗಿತ್ತು ಯಜಮಾನ್ರೇ," ಎಂದ ಡ್ರೈವರ್. "ನಡುಹೊಳೇಲೇ ಬಿತ್ತು."

ಪತ್ರಿಕೆ ಬಂದ ಮೇಲೆ ಪುರಸಭೆ ಡ್ರೈವರನನ್ನು ವಾಪಸ್ ಕರೆಸಿಕೊಂಡಿತು. ಕಾವಲುಗಾರನ ತೀರ್ಮಾನವನ್ನು ಮುಂದಿನ ಸಭೆಗೆ ತಳ್ಳಿತು. ಅವನು ಹುರಿಮೀಸೆಯ ಚಿತ್ರದ ಮೇಲೆಯೇ ಮಗಳ ವರದಿಯನ್ನು ಅಂಟಿಸಿ, ಬಂದವರಿಗೆಲ್ಲ ಓದಲು ಹೇಳತೊಡಗಿದ. ಒಂದು ಬೆಳಿಗ್ಗೆ ಲಾರಿಯವನೊಬ್ಬ ಕೀಲಿಯ ಪ್ರಸಂಗದ ತನಕ ಓದಿ, ನಕ್ಕು ಹೊರಟ.

"ಅಷ್ಟಕ್ಕೇ ಹೊರಟ್ಯಲ್ಲ, ಇನ್ನೂ ಒಂದು ಸಾಲಿದೆ, ಓದು," ಎಂದ ಕಾವಲುಗಾರ, ಅಡ್ಡಗಂಬ ಎತ್ತದೆ, ಹಗ್ಗ ಬಿಡದೆ.

ಲಾರಿಯ ಹಿಂದೆ ಗಾಡಿಗಳು ಸಾಲುಗಟ್ಟಿದವು. ಕೊನೆಗೆ ಅಧ್ಯಕ್ಷರ ಕಾರು ಬಂದು ನಿಂತಿತು. ಇಳಿದಿದ್ದ ಅಡ್ಡಗಂಬವನ್ನು ನೋಡಿದ ಡ್ರೈವರ್ ಎಂಜಿನ್ ಆರಿಸಿದ. ಹೊಸ ಕೀಲಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಗುಂಡಿಯನ್ನೂ ಹಾಕಿಕೊಂಡ.